ದಂತ ವೈದ್ಯರಾಗಬಯಸುವ ಮಕ್ಕಳು ಯಾವ ಕಾಲೇಜಿಗೆ ಹೋಗಬೇಕು?

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ವಿದ್ಯಾರ್ಥಿಗಳು ಹಾಗೂ ಹೆತ್ತವರಿಗಾಗಿ ಸಿಂಧನೂರಿನಲ್ಲಿ ಏರ್ಪಡಿಸಲಾದ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನೀಟ್ ಫಲಿತಾಂಶ ಹೊರಬಿದ್ದ ಮರುದಿನದಿಂದಲೇ ನಮ್ಮ ಬಳಿ ಬರುವ ಹೆತ್ತವರ ಪ್ರಶ್ನೆ ಒಂದೇ. "ಯಾವ ಕಾಲೇಜು ಚೊಲೊ ಅದರಿ ಸರ್?" ನಾವು ಉತ್ತರಿಸುವ ಮೊದಲೇ ಅವರ ಮೊಬೈಲಿನಲ್ಲಿ ನಾಲ್ಕಾರು ಉತ್ತರಗಳು ಬಂದು ಕೂತಿರುತ್ತವೆ. ಬೆಂಗಳೂರಿನಿಂದ ಒಬ್ಬ ಏಜೆಂಟ್, ಮಂಗಳೂರಿನಿಂದ ಇನ್ನೊಬ್ಬ, ಹೈದರಾಬಾದಿನಿಂದ ಮತ್ತೊಬ್ಬ. ಎಲ್ಲರೂ ಸೀಟು ಕೊನೆಯದೆಂದೂ ನಾಳೆಯೊಳಗೆ ಮುಂಗಡ ಕಟ್ಟಬೇಕೆಂದೂ ಹೇಳುತ್ತಾರೆ. ಇಂತಹ ಗಡಿಬಿಡಿಯ ನಡುವೆ ಒಂದು ಕುಟುಂಬ ಮಗಳ ಅಥವಾ ಮಗನ ಮುಂದಿನ ಐದು ವರ್ಷಗಳನ್ನು ನಿರ್ಧರಿಸುತ್ತದೆ. ಎತ್ತು ಕೊಳ್ಳುವಾಗ ಮೂರು ಸಂತೆ ಸುತ್ತುವ ನಾವು ಕಾಲೇಜನ್ನು ಕೊಳ್ಳುವಾಗ ಒಂದು ಫೋನ್ ಕರೆಗೆ ಒಪ್ಪಿಬಿಡುತ್ತೇವೆ.

ಮೊದಲು ಒಂದು ಮಾತನ್ನು ಹೆತ್ತವರೊಂದಿಗೆ ನೇರವಾಗಿ ಆಡಬೇಕಾಗಿದೆ. "ಎಂಬಿಬಿಎಸ್ ಸಿಗಲಿಲ್ಲ, ಹಾಗಾಗಿ ಬಿಡಿಎಸ್ ಕೊಡಿಸೋಣವೆಂದಿದ್ದೇವೆ" ಎಂಬ ಮಾತು ಮಗುವಿನ ಎದುರಿನಲ್ಲೇ ಆಡುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಸೋತವರಿಗೆ ಸಿಗುವ ಸಮಾಧಾನದ ಬಹುಮಾನವೆಂಬಂತೆ ಕೊಟ್ಟ ಶಿಕ್ಷಣವನ್ನು ಯಾವ ಮಗು ಪ್ರೀತಿಯಿಂದ ಕಲಿತೀತು? ದಂತ ವೈದ್ಯಕೀಯವು ಕೈಯ ಕಸುಬು. ಮೊದಲೆರಡು ವರ್ಷ ಅಂಗರಚನೆ, ಔಷಧಶಾಸ್ತ್ರಗಳ ಜೊತೆಗೆ ಮೇಣದಲ್ಲಿ ಹಲ್ಲು ಕೆತ್ತಬೇಕು, ಪ್ಲಾಸ್ಟರಿನಲ್ಲಿ ದವಡೆಯ ಅಚ್ಚು ತೆಗೆಯಬೇಕು, ಗೊಂಬೆಯ ತಲೆಯ ಮುಂದೆ ಕೂತು ಹಲ್ಲು ಕೊರೆದು ತುಂಬಬೇಕು. ಕೈ ಸೂಕ್ಷ್ಮವಾಗಿರುವ, ತಾಳ್ಮೆಯಿರುವ, ಗಂಟೆಗಟ್ಟಲೆ ಒಂದೇ ಕಡೆ ಕಣ್ಣು ನೆಟ್ಟು ಕೂರಬಲ್ಲ ಮಗು ಇಲ್ಲಿ ಮಿಂಚುತ್ತದೆ. ಚಿನ್ನದ ಕೆಲಸ, ಜರಿ ಕೆಲಸ, ಗಡಿಯಾರ ರಿಪೇರಿ ಮಾಡಿಕೊಂಡು ಬಂದ ಮನೆತನಗಳು ನಮ್ಮಲ್ಲಿ ಎಷ್ಟಿಲ್ಲ! ಆ ಕೈಗಳ ಮಕ್ಕಳಿಗೆ ಇದು ಎರಡನೆಯ ದರ್ಜೆಯ ವೃತ್ತಿ ಹೇಗಾದೀತು?

ಈ ದೇಶದಲ್ಲಿ ದಂತ ವೈದ್ಯಕೀಯ ಶಿಕ್ಷಣಕ್ಕೆ ಅಡಿಗಲ್ಲು ಹಾಕಿದವರು ಡಾ. ರಫೀಉದ್ದೀನ್ ಅಹ್ಮದ್. ಅಮೆರಿಕದಲ್ಲಿ ಕಲಿತು ಮರಳಿದ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ವೈದ್ಯಕೀಯ ಕಾಲೇಜನ್ನು ತೆರೆದರು. 1949ರಲ್ಲಿ ಅದನ್ನು ಸರಕಾರಕ್ಕೆ ಒಪ್ಪಿಸಿದರು. 1964ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. ಅವರ ಜನ್ಮದಿನವಾದ ಡಿಸೆಂಬರ್ 24ನ್ನು ದಂತ ವೈದ್ಯರ ದಿನವಾಗಿ ಆಚರಿಸಲಾಗುತ್ತದೆ. ನಮ್ಮ ಮನೆಗಳಲ್ಲಿ ಈ ಹೆಸರು ಗೊತ್ತಿರುವವರು ಎಷ್ಟು ಮಂದಿ?

ಇನ್ನು ನಮ್ಮ ಊರಿನ ಬಾಯಿಗಳನ್ನೇ ನೋಡೋಣ. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶ ಹೆಚ್ಚಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಸಾಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯವರೆಗೆ ಸಹಿಸಬಹುದು ಎನ್ನುವುದು ಭಾರತೀಯ ಮಾನಕ. ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಎಂಟು ವರ್ಷದೊಳಗೆ, ಅದಕ್ಕಿಂತ ಹೆಚ್ಚು ಫ್ಲೋರೈಡಿನ ಬೋರ್‌ವೆಲ್ ನೀರು ಕುಡಿದ ಮಗುವಿನ ಹಲ್ಲಿನ ಮೇಲೆ ಸುಣ್ಣ ಬಳಿದಂತಹ ಮಚ್ಚೆಗಳೂ ಕಂದು ಗೆರೆಗಳೂ ಬರುತ್ತವೆ. ಉಜ್ಜಿದರೆ ಹೋಗುವ ಕಲೆ ಅದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾಣದ ಹಳ್ಳಿಗಳಲ್ಲಿ ಇಂತಹ ನಗುವನ್ನು ಕೈಯಿಂದ ಮುಚ್ಚಿಕೊಳ್ಳುವ ಹೆಣ್ಣು ಮಕ್ಕಳನ್ನು ನಾವು ಕಂಡಿದ್ದೇವೆ.

ಎರಡನೆಯದು ಗುಟ್ಕಾ. ರಾಜ್ಯ ಸರಕಾರ 2013ರಲ್ಲಿ ಅದನ್ನು ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದು ಪೊಟ್ಟಣದಲ್ಲಿ ಕೊಡತೊಡಗಿದರು, ಗಿರಾಕಿ ಅಂಗೈಯಲ್ಲಿ ಎರಡನ್ನೂ ಬೆರೆಸಿಕೊಂಡ. ಆರೋಗ್ಯವಂತರ ಬಾಯಿಯಲ್ಲಿ ಮೂರು ಬೆರಳು ನೆಟ್ಟಗೆ ಹಿಡಿಸುತ್ತವೆ. ಅಡಿಕೆ ಜಗಿದು ಕೆನ್ನೆಯ ಒಳಪದರ ಬಿಗಿದುಕೊಂಡ ಯುವಕನ ಬಾಯಿಯಲ್ಲಿ ಒಂದೂ ಹಿಡಿಸದಂತಾಗುತ್ತದೆ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಅದನ್ನು ಮೊದಲು ಗುರುತಿಸಬೇಕಾದವರು ದಂತ ವೈದ್ಯರು. ಆದುದರಿಂದ ನಿಮ್ಮ ಮಗು ಎಲ್ಲಿ ಕಲಿಯುತ್ತದೆ ಎಂಬ ಪ್ರಶ್ನೆಯ ಜೊತೆಗೆ ಎಂತಹ ಬಾಯಿಗಳನ್ನು ನೋಡಿ ಕಲಿಯುತ್ತದೆ ಎಂಬ ಪ್ರಶ್ನೆಯನ್ನೂ ಕೇಳಬೇಕು. ಈ ಭಾಗದ ಕಾಲೇಜುಗಳಲ್ಲಿ ಕಲಿತ ವಿದ್ಯಾರ್ಥಿಗೆ ಈ ಭಾಗದ ರೋಗ ಪುಸ್ತಕದ ಚಿತ್ರವಾಗಿ ಉಳಿಯುವುದಿಲ್ಲ.

ನಮ್ಮ ಅನೇಕ ಹೆತ್ತವರಿಗೆ ತಿಳಿಯದ ಒಂದು ಸತ್ಯವಿದೆ. ಅವರು "ದೊಡ್ಡ ಯೂನಿವರ್ಸಿಟಿ" ಬೇಕೆನ್ನುತ್ತಾರೆ. ಆದರೆ ಕರ್ನಾಟಕದ ಬಹುತೇಕ ದಂತ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದಕ್ಕೆ ಸೇರಿದ ಬೆಂಗಳೂರಿನ ಕಾಲೇಜಿನ ವಿದ್ಯಾರ್ಥಿ ಬರೆಯುವ ಪ್ರಶ್ನೆಪತ್ರಿಕೆಯನ್ನೇ ರಾಯಚೂರಿನ ವಿದ್ಯಾರ್ಥಿಯೂ ಬರೆಯುತ್ತಾಳೆ. ಪದವಿ ಪತ್ರದ ಮೇಲಿನ ಮುದ್ರೆ ಒಂದೇ. ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿಯೂ ಒಂದೇ. ಮಣಿಪಾಲ, ಯೆನೆಪೋಯದಂತಹ ಡೀಮ್ಡ್ ವಿಶ್ವವಿದ್ಯಾಲಯಗಳ ಮಾತು ಬೇರೆ. ಅಲ್ಲಿಯ ಬಹುತೇಕ ಸೀಟುಗಳನ್ನು ದಿಲ್ಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ ಮೂಲಕ ತುಂಬಲಾಗುತ್ತದೆ. ಆ ಸೀಟುಗಳಿಗೆ ನಮ್ಮ ಪ್ರದೇಶದ ಮೀಸಲಾತಿ ಅನ್ವಯಿಸುವುದಿಲ್ಲ, ಶುಲ್ಕವೂ ಬೇರೆಯೇ. ಕೊಡುವ ಶಕ್ತಿಯಿರುವವರು ಹೋಗಲಿ, ನಮ್ಮ ಆಕ್ಷೇಪವೇನಿಲ್ಲ. ಹೊಲ ಮಾರಿ ಹೋಗುವವರು ಮಾತ್ರ ನಮ್ಮ ಮಾತನ್ನು ಒಮ್ಮೆ ಕೇಳಿ ಹೋಗಲಿ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಮಸ್ಕಿ ಕಡೆಯ ಒಬ್ಬ ರೈತರ ಮಗಳಿಗೆ ನಾವು ಮಾರ್ಗದರ್ಶನ ನೀಡುತ್ತಿದ್ದೆವು. ನೀಟ್‌ನಲ್ಲಿ ಅರ್ಹತೆ ಬಂದಿತ್ತು. ಪಿಯುಸಿ ಅಂಕಗಳೂ ಚೆನ್ನಾಗಿದ್ದವು. ದಾಖಲೆ ಪರಿಶೀಲನೆಯ ದಿನ 371(ಜೆ) ಪ್ರಮಾಣಪತ್ರ ಕೈಯಲ್ಲಿರಲಿಲ್ಲ. ಅರ್ಜಿಯನ್ನು ನಾವು ಫಲಿತಾಂಶ ಬಂದ ಮೇಲೆ ಹಾಕಿಸಿದ್ದೆವು. ಗ್ರಾಮ ಲೆಕ್ಕಾಧಿಕಾರಿಯ ವರದಿಯಾಗಬೇಕು, ತಹಶೀಲ್ದಾರರ ಕಚೇರಿ ದಾಟಬೇಕು, ಕೊನೆಗೆ ಸಹಾಯಕ ಆಯುಕ್ತರ ಸಹಿಯಾಗಬೇಕು. ಅಷ್ಟು ದಿನ ಬೇಕೆಂಬುದು ನಮಗೆ ಗೊತ್ತಿರಬೇಕಾಗಿತ್ತು. ಮೇಲಾಗಿ ಮಸ್ಕಿ ಪ್ರತ್ಯೇಕ ತಾಲೂಕಾಗುವ ಮೊದಲಿನ ಕಾಗದಗಳಲ್ಲಿ ಒಂದು ತಾಲೂಕಿನ ಹೆಸರು, ಹೊಸ ಕಾಗದಗಳಲ್ಲಿ ಇನ್ನೊಂದು. ಅದನ್ನು ಸರಿಪಡಿಸುವುದಕ್ಕೇ ಒಂದು ವಾರ ಹಿಡಿಯಿತು. ಸ್ಥಳೀಯರ ಪಾಲಿನ ಸೀಟಿಗೆ ಆಕೆಯ ಹೆಸರು ಪರಿಗಣನೆಗೇ ಬರಲಿಲ್ಲ. ತಂದೆ ಹತಾಶರಾಗಿ ಎರಡು ಎಕರೆ ಒತ್ತೆಯಿಟ್ಟು ಒಬ್ಬ ಏಜೆಂಟನಿಗೆ ಮುಂಗಡ ಕೊಟ್ಟರು. ಆ ಏಜೆಂಟನ ಫೋನ್ ಒಂದು ತಿಂಗಳ ಬಳಿಕ ಬಂದ್ ಆಯಿತು. ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ನೀಟ್ ಬರೆದಳು. ಮರುವರ್ಷ ಪ್ರಮಾಣಪತ್ರ ಕೈಯಲ್ಲಿತ್ತು, ನಮ್ಮ ಭಾಗದಲ್ಲೇ ಸರಕಾರಿ ಕೋಟಾದ ಸೀಟು ಸಿಕ್ಕಿತು. ಹೊಲ ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ.

ಈ 371(ಜೆ) ಎಂದರೇನು? ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಅಂದಿನ ಹೈದರಾಬಾದ್ ಕರ್ನಾಟಕಕ್ಕೆ, 2019ರಿಂದ ಕಲ್ಯಾಣ ಕರ್ನಾಟಕವೆನಿಸಿದ ಭಾಗಕ್ಕೆ, ದೊರೆತ ವಿಶೇಷ ಸ್ಥಾನಮಾನ. ಅದರಡಿ 2013ರಲ್ಲಿ ಹೊರಟ ಆದೇಶದಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳ ಸರಕಾರಿ ಪಾಲಿನ ಸೀಟುಗಳಲ್ಲಿ ಶೇ. 70 ಸ್ಥಳೀಯರಿಗೆ ಮೀಸಲು. ಭಾಗದ ಹೊರಗೆ, ಅಂದರೆ ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ, ಶೇ. 8. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದಲ್ಲೇ ಇದ್ದವು. ಆ ಹಿಂದುಳಿದಿರುವಿಕೆಗೆ ಪರಿಹಾರವಾಗಿ ದೊರೆತದ್ದು ಈ ಕಾಗದ. ಸಹಾಯಕ ಆಯುಕ್ತರ ಕಚೇರಿ ಲಿಂಗಸುಗೂರಿನಲ್ಲೇ ಇದೆ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ, ದಿಲ್ಲಿಗೆ ಹೋಗಬೇಕಾಗಿಲ್ಲ. ಮಗು ಪ್ರಥಮ ಪಿಯುಸಿಗೆ ಸೇರಿದ ವರ್ಷವೇ ಮಾಡಿಸಿ ಇಟ್ಟುಕೊಳ್ಳಿ.

ಅದರ ಜೊತೆಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಮುಸ್ಲಿಮರಿಗೆ 1995ರಿಂದ ದೊರೆತ ಶೇ. 4ರ 2ಬಿ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ ಕಿತ್ತು ಹಾಕಿದ್ದು ನಿಮಗೆ ನೆನಪಿರಬಹುದು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ಆ ಆದೇಶದಡಿ ಪ್ರವೇಶಾತಿ ನಡೆಸುವುದಿಲ್ಲವೆಂದು ಅದೇ ಸರಕಾರ ಹೇಳಬೇಕಾಯಿತು. 2ಬಿ ಪ್ರವೇಶಾತಿಯಲ್ಲಿ ಮುಂದುವರಿದಿದೆ. ಆದರೆ ನಮ್ಮ ಭಾಗದಲ್ಲಿ ನದಾಫ, ಪಿಂಜಾರ ಕುಟುಂಬಗಳು ಬಹಳ. ಅವರು ಪ್ರವರ್ಗ 1ಕ್ಕೆ ಸೇರಿದವರು, ಅಲ್ಲಿ ಕೆನೆಪದರದ ಆದಾಯ ಮಿತಿಯೂ ಇಲ್ಲ. ಶಾಲೆಗೆ ಸೇರಿಸುವಾಗ ಯಾರೋ ಗುಮಾಸ್ತರು ಕೇವಲ "ಮುಸ್ಲಿಂ" ಎಂದು ಬರೆದದ್ದನ್ನೇ ಹನ್ನೆರಡು ವರ್ಷ ಹೊತ್ತು ತಿರುಗಿ ಕೊನೆಗೆ 2ಬಿಯಲ್ಲಿ ಸ್ಪರ್ಧಿಸಿದ ಪಿಂಜಾರರ ಮಕ್ಕಳಿದ್ದಾರೆ. ದಾಖಲೆ ಸರಿಪಡಿಸುವುದಿದ್ದರೆ ಅದಕ್ಕೂ ಸಮಯ ಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರವನ್ನು, ಕನ್ನಡದಲ್ಲಿ ಓದಿದವರು ಕನ್ನಡ ಮಾಧ್ಯಮದ್ದನ್ನು ಪಡೆದುಕೊಳ್ಳಬೇಕು. ಅಲ್ಪಸಂಖ್ಯಾತ ಸಂಸ್ಥೆಯ ಸೀಟು ಬಯಸುವವರಿಗೆ ಧಾರ್ಮಿಕ ಅಲ್ಪಸಂಖ್ಯಾತ ಪ್ರಮಾಣಪತ್ರ ಬೇರೆಯೇ ಬೇಕು.

ಹಾಗಾದರೆ ಕಾಲೇಜುಗಳು ಯಾವುವು? ನಮ್ಮ ಮೂರೂ ತಾಲೂಕುಗಳಲ್ಲಿ ಒಂದೂ ದಂತ ಕಾಲೇಜಿಲ್ಲ. ರಾಯಚೂರಿನಲ್ಲಿ ಎಎಂಇ ಸಂಸ್ಥೆಯದೊಂದು, ನವೋದಯದ್ದೊಂದು, ಎರಡೂ ಖಾಸಗಿ. ಬಳ್ಳಾರಿಯಲ್ಲಿ ಸರಕಾರಿ ದಂತ ಕಾಲೇಜಿದೆ. ಲಿಂಗಸುಗೂರಿನಿಂದ ಹೊರಟು ಮಸ್ಕಿ, ಸಿಂಧನೂರು, ಸಿರುಗುಪ್ಪ ದಾಟಿ ಹೋಗುವ ನಮ್ಮದೇ ಹೆದ್ದಾರಿಯ ಮೇಲೆ! ಇಷ್ಟು ಹತ್ತಿರದ ಸರಕಾರಿ ಕಾಲೇಜನ್ನು ಬಿಟ್ಟು ಮೊದಲ ಆಯ್ಕೆಯಾಗಿ ದೂರದ ಖಾಸಗಿ ಕಾಲೇಜಿನ ಹೆಸರು ಬರೆದ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಯ ನಿಜಲಿಂಗಪ್ಪ ದಂತ ಕಾಲೇಜು, ಅಲ್‌ಬದರ್ ಗ್ರಾಮೀಣ ದಂತ ಕಾಲೇಜು ಮತ್ತು ಇಎಸ್‌ಐ ನಿಗಮದ ದಂತ ಕಾಲೇಜು ಇವೆ. ಇಎಸ್‌ಐ ಚೀಟಿಯಿರುವ ಕಾರ್ಮಿಕರ ಮಕ್ಕಳು ಈ ಕೊನೆಯದನ್ನು ವಿಶೇಷವಾಗಿ ವಿಚಾರಿಸಬೇಕು. ಬೀದರಿನಲ್ಲಿಯೂ ಒಂದಿದೆ. ವಿಜಯಪುರದ ಅಲ್‌ಅಮೀನ್ ದಂತ ಕಾಲೇಜು ಲಿಂಗಸುಗೂರಿನವರಿಗೆ ಪರಿಚಿತ ಹೆಸರು, ಆದರೆ ಮುದ್ದೇಬಿಹಾಳದ ಕಡೆಗೆ ಕೃಷ್ಣೆ ದಾಟಿದರೆ ಕಲ್ಯಾಣ ಕರ್ನಾಟಕದ ಗಡಿ ಮುಗಿಯುತ್ತದೆ, ಶೇ. 70ರ ಹಕ್ಕು ಅಲ್ಲಿ ಇಲ್ಲ. ಬೆಂಗಳೂರಿನಲ್ಲಿ 1958ರಿಂದ ಇರುವ ಸರಕಾರಿ ದಂತ ಕಾಲೇಜು ಅಂಕ ಹೆಚ್ಚಿರುವವರ ಗುರಿಯಾಗಬೇಕು, ಶೇ. 8ರ ಬಾಗಿಲು ಅಲ್ಲಿ ತೆರೆದಿದೆ. ಯಾವ ಕಾಲೇಜಿನಲ್ಲಿ ಯಾವ ಪ್ರವರ್ಗಕ್ಕೆ ಎಷ್ಟು ಸೀಟು ಎಂಬ ಪಟ್ಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುತ್ತದೆ. ಕಳೆದ ವರ್ಷದ್ದನ್ನು ನಂಬಿ ಕೂರಬೇಡಿ.

ಇಷ್ಟರಲ್ಲಿ ಯಾವುದು ಒಳ್ಳೆಯದು? ನಾವು ಪಟ್ಟಿ ಕೊಡುವುದಿಲ್ಲ, ಕೊಡಬಾರದು ಕೂಡ. ನೋಡುವ ವಿಧಾನವನ್ನು ಹೇಳುತ್ತೇವೆ. ಒಂದು ಕೆಲಸದ ದಿನ, ಸೋಮವಾರವಾದರೆ ಉತ್ತಮ, ಬೆಳಿಗ್ಗೆ ಹತ್ತು ಗಂಟೆಗೆ ಮಗುವನ್ನು ಕರೆದುಕೊಂಡು ಆ ಕಾಲೇಜಿಗೆ ಹೋಗಿ. ಪ್ರಾಂಶುಪಾಲರ ಕೋಣೆಗೆ ಹೋಗಬೇಡಿ, ಹೊರರೋಗಿ ವಿಭಾಗದಲ್ಲಿ ಒಂದು ಚೀಟಿ ಮಾಡಿಸಿ ಕೂತುಕೊಳ್ಳಿ. ನಿಮ್ಮದೇ ಹಲ್ಲು ತೋರಿಸಿದರೂ ಆಯಿತು, ನಮ್ಮ ವಯಸ್ಸಿನವರಿಗೆ ತೋರಿಸುವ ಹಲ್ಲಿಗೇನೂ ಕೊರತೆಯಿಲ್ಲ. ಸಾಲಿನಲ್ಲಿ ಎಷ್ಟು ರೋಗಿಗಳಿದ್ದಾರೆ? ಹಳ್ಳಿಯಿಂದ ಬಂದವರಿದ್ದಾರೆಯೇ? ಸಾಲು ಸಾಲು ಡೆಂಟಲ್ ಕುರ್ಚಿಗಳಲ್ಲಿ ಎಷ್ಟರ ಮೇಲೆ ರೋಗಿ ಮಲಗಿದ್ದಾರೆ, ಎಷ್ಟರ ಮೇಲೆ ಧೂಳು ಕೂತಿದೆ? ವಿದ್ಯಾರ್ಥಿಯ ಪಕ್ಕದಲ್ಲಿ ಅಧ್ಯಾಪಕರು ನಿಂತು ಕೈ ತಿದ್ದುತ್ತಿದ್ದಾರೆಯೇ?

ಏಕೆಂದರೆ ಮೂರನೆಯ ವರ್ಷದಿಂದ ವಿದ್ಯಾರ್ಥಿ ರೋಗಿಗಳ ಬಾಯಿಗೆ ಕೈ ಹಾಕತೊಡಗುತ್ತಾನೆ. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಹಲ್ಲಿನ ಸೆಟ್ ಮಾಡಬೇಕು ಎಂಬ ಕೋಟಾ ಇರುತ್ತದೆ. ರೋಗಿಗಳಿಲ್ಲದ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಬಸ್ ನಿಲ್ದಾಣಕ್ಕೆ ಹೋಗಿ, ಹಲ್ಲಿಲ್ಲದ ಅಜ್ಜನನ್ನು ಹುಡುಕಿ, ಆಟೋ ಬಾಡಿಗೆ ತಾವೇ ಕೊಟ್ಟು ಕರೆತರಬೇಕಾದ ಪರಿಸ್ಥಿತಿ ಬರುತ್ತದೆ. ಪರೀಕ್ಷೆಯ ದಿನ ಆ ಅಜ್ಜ ಬಾರದಿದ್ದರೆ ಆ ವಿದ್ಯಾರ್ಥಿಯ ಪಾಡೇನು? ಕಟ್ಟಡದ ಗಾಜು ನೋಡಿ ಮರುಳಾದವರಿಗೆ ಇದು ಮೂರನೆಯ ವರ್ಷದಲ್ಲಿ ತಿಳಿಯುತ್ತದೆ, ಆಗ ತಡವಾಗಿರುತ್ತದೆ. ಹೊರಬರುವಾಗ ಕ್ಯಾಂಟೀನಿನಲ್ಲಿ ಒಬ್ಬ ಇಂಟರ್ನ್ ವಿದ್ಯಾರ್ಥಿನಿಯನ್ನು ಮಾತಾಡಿಸಿ. "ನೀವು ಒಬ್ಬರೇ ಎಷ್ಟು ಹಲ್ಲು ಕಿತ್ತಿದ್ದೀರಿ, ರೂಟ್ ಕೆನಾಲ್ ಮಾಡಿದ್ದೀರಾ?" ಎಂದು ಕೇಳಿ. ಆಕೆಯ ಉತ್ತರ ಯಾವ ಜಾಹೀರಾತಿಗಿಂತಲೂ ಸ್ಪಷ್ಟವಾಗಿರುತ್ತದೆ. ಮೂರನೆಯ ವರ್ಷದಲ್ಲಿ ಸಾಮಾನ್ಯ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸೆಯ ಪಾಠವೂ ಇರುವುದರಿಂದ ದೊಡ್ಡ ಆಸ್ಪತ್ರೆಯ ನಂಟು ಆ ಕಾಲೇಜಿಗೆ ಇದೆಯೇ ಎಂಬುದನ್ನೂ ವಿಚಾರಿಸಿ.

ಇನ್ನು ಹಣ. ಮೊದಲ ವರ್ಷದ ಶುಲ್ಕ ಕೇಳಿ ನಿಟ್ಟುಸಿರು ಬಿಟ್ಟು ಒಪ್ಪಿಕೊಳ್ಳಬೇಡಿ. ನಾಲ್ಕು ವರ್ಷದ ಶುಲ್ಕ, ಐದು ವರ್ಷದ ಹಾಸ್ಟೆಲ್, ಪರೀಕ್ಷಾ ಶುಲ್ಕ, ಪುಸ್ತಕ ಇವೆಲ್ಲದರ ಒಟ್ಟು ಲೆಕ್ಕ ಹಾಕಿ. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್, ಇಕ್ಕಳಗಳು, ಅಚ್ಚಿನ ತಟ್ಟೆಗಳನ್ನು ಸಾಮಾನ್ಯವಾಗಿ ವಿದ್ಯಾರ್ಥಿಯೇ ಕೊಳ್ಳಬೇಕು ಎಂಬುದನ್ನು ಯಾವ ಏಜೆಂಟನೂ ಹೇಳುವುದಿಲ್ಲ. ಒಂದೇ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತ ಇಬ್ಬರಲ್ಲಿ ಸರಕಾರಿ ಕೋಟಾದವಳ ಶುಲ್ಕವೊಂದು, ಖಾಸಗಿ ಕೋಟಾದವಳದು ಅದರ ಹಲವು ಪಟ್ಟು. ಎನ್‌ಆರ್‌ಐ ಮತ್ತು ಆಡಳಿತ ಮಂಡಳಿಯ ಸೀಟುಗಳದ್ದಂತೂ ಕೇಳಲೇಬೇಡಿ. "ನೀಟ್ ಇಲ್ಲದೆಯೂ ಸೀಟು ಕೊಡಿಸುತ್ತೇವೆ" ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. 2017ರಿಂದ ಯಾವ ಕೋಟಾದಲ್ಲಿಯೇ ಆಗಲಿ ನೀಟ್ ಅರ್ಹತೆಯಿಲ್ಲದೆ ಬಿಡಿಎಸ್ ಪ್ರವೇಶವಿಲ್ಲ. ಸರಕಾರಿ ಪ್ರಕ್ರಿಯೆಯ ಮೂಲಕ ಸೀಟು ಪಡೆದವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯಿದೆ. ಆ ವರ್ಷದ ಮಿತಿ, ಕೊನೆಯ ದಿನಾಂಕಗಳನ್ನು ನಿಗಮದ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ.

ಹೆಣ್ಣು ಮಕ್ಕಳ ವಿಷಯದಲ್ಲಿ ಒಂದೆರಡು ಮಾತು. ದೂರದ ಊರಿಗೆ ಕಳುಹಿಸಲು ಹೆದರುವ ತಂದೆಯರನ್ನು ನಾವು ಹಂಗಿಸುವುದಿಲ್ಲ, ಆ ಹೆದರಿಕೆಗೆ ಕಾರಣಗಳಿವೆ. ಆದರೆ ಹಾಸ್ಟೆಲ್ ನೋಡದೆ, ವಾರ್ಡನ್ ಬಳಿ ಮಾತಾಡದೆ, "ಹೆಣ್ಣು ಮಗಳಲ್ಲವೇ, ಬಿಎಸ್ಸಿ ಸಾಕು" ಎಂದು ಮುಗಿಸುವುದು ಹೆದರಿಕೆಯಲ್ಲ, ಸೋಮಾರಿತನ. ರಾಯಚೂರು ಮತ್ತು ಬಳ್ಳಾರಿಗೆ ನಮ್ಮ ಊರುಗಳಿಂದ ನೇರ ಬಸ್ಸುಗಳಿವೆ. ಶನಿವಾರ ಸಂಜೆ ಬಸ್ ಹತ್ತಿದ ಮಗಳು ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾಳೆ. ಹತ್ತಿರದ ಕಾಲೇಜಿನ ಈ ಲಾಭವನ್ನು ಶುಲ್ಕದ ಲೆಕ್ಕದಲ್ಲಿ ಸೇರಿಸಲು ಬಾರದು, ಆದರೆ ಮಗು ನಾಲ್ಕನೆಯ ವರ್ಷದ ಎಂಟು ವಿಷಯಗಳ ಒತ್ತಡದಲ್ಲಿದ್ದಾಗ ಅದರ ಬೆಲೆ ತಿಳಿಯುತ್ತದೆ.

ಆಯ್ಕೆಗಳನ್ನು ನಮೂದಿಸುವಾಗ ಸಿಕ್ಕೀತು ಎಂದು ತೋರುವುದನ್ನು ಮೇಲೆ ಬರೆಯಬೇಡಿ, ಬೇಕಾದುದನ್ನು ಮೇಲೆ ಬರೆಯಿರಿ. ಮೇಲಿನದು ಸಿಗದಿದ್ದರೆ ಯಂತ್ರ ತಾನಾಗಿ ಕೆಳಗಿನದಕ್ಕೆ ಇಳಿಯುತ್ತದೆ, ನಿಮಗೇನೂ ನಷ್ಟವಿಲ್ಲ. ಬೇಡವಾದ ಕಾಲೇಜಿನ ಹೆಸರನ್ನು ಮಾತ್ರ ಬರೆಯಲೇಬೇಡಿ, ಬರೆದರೆ ಅದೇ ಸಿಕ್ಕೀತು. ಸೀಟು ಹಂಚಿಕೆಯಾದ ಮೇಲೆ ಒಪ್ಪಿಕೊಳ್ಳುವುದೋ, ಮುಂದಿನ ಸುತ್ತಿಗೆ ಕಾಯುವುದೋ ಎಂದು ಕೇಳಲಾಗುತ್ತದೆ. ಸೈಬರ್ ಅಂಗಡಿಯ ಹುಡುಗನಿಗೆ ಪಾಸ್‌ವರ್ಡ್ ಕೊಟ್ಟು ಮನೆಗೆ ಬರಬೇಡಿ, ಆ ಗುಂಡಿಯನ್ನು ಮಗುವೇ ಒತ್ತಲಿ.

ಕೊನೆಗೆ ರಾಜಕಾರಣಿಗಳಿಗೊಂದು ಮಾತು. ರಾಯಚೂರಿನಲ್ಲಿ 2007ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ, ಆದರೆ ಸರಕಾರಿ ದಂತ ಕಾಲೇಜಿಲ್ಲ. ಏಮ್ಸ್‌ಗಾಗಿ 2022ರಲ್ಲಿ ಇದೇ ಜಿಲ್ಲೆಯ ಜನ ಧರಣಿ ಕುಳಿತರು. ಏಮ್ಸ್ ಕೇಳುವ ಬಾಯಿಯಲ್ಲಿ ಐವತ್ತು ಸೀಟಿನ ಒಂದು ದಂತ ಕಾಲೇಜನ್ನೂ ಕೇಳಬಾರದೇಕೆ? ಫ್ಲೋರೈಡ್ ನೀರು ಕುಡಿಸಿದ ಸರಕಾರವೇ ಹಲ್ಲು ನೋಡುವವರನ್ನೂ ತಯಾರಿಸಿಕೊಡಬೇಕಲ್ಲವೇ? ಮೂರೂ ತಾಲೂಕುಗಳ ಶಾಸಕರಿಗೆ ಸಲ್ಲಿಸಲು ಒಂದು ಮನವಿಯನ್ನು ಸಿದ್ಧಪಡಿಸಿದ್ದೇವೆ, ಸಹಿ ಹಾಕಬಯಸುವವರು ಹಾಕಬಹುದು.

ಬಾಗಿಲ ಬಳಿಯ ಮೇಜಿನ ಮೇಲೆ 371(ಜೆ) ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿಯಿದೆ. ಪ್ರಥಮ ಪಿಯುಸಿ ಮಕ್ಕಳ ಹೆತ್ತವರು ಮೊದಲು ಬನ್ನಿ. ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ ತಂದವರ ಅರ್ಜಿಯನ್ನು ಇಂದೇ ತುಂಬಿಸಿಕೊಡುತ್ತೇವೆ. ತರದವರು ಬರುವ ರವಿವಾರ ಹತ್ತು ಗಂಟೆಗೆ ಇಲ್ಲಿಯೇ ಬನ್ನಿ.